ಚೀಲ ಹಿಡಿದು ಮನೆಗೆ ಬರುವವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಇಗರ್ಜಿಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ವಿನ್ಸೆಂಟ್ ಡಿ ಪೌಲ್ ಸಭೆಯ ಸದಸ್ಯೆ. ಬಡವರ ಮನೆಗೆ ಹೋಗುವುದು, ಬೀದಿಯಲ್ಲಿ ಇರುವವರನ್ನು ವಿಚಾರಿಸುವುದು ನಮ್ಮ ಕೆಲಸ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಉತ್ತರ ನನ್ನದು. ಬೇರೆ ಇಗರ್ಜಿಯವರ ರೀತಿ ಸ್ವಲ್ಪ ಬೇರೆ ಇರಬಹುದು.

### ಮೊದಲ ಪರಿಚಯ

ನೀವು ಯಾರು? ಇಗರ್ಜಿಯಿಂದ ಸಂಬಳ ಉಂಟಾ?

ಇಲ್ಲ. ಬಸ್ ಚಾರ್ಜು ಕೂಡ ನಮ್ಮದೇ. ನಮ್ಮ ಗುಂಪಿನಲ್ಲಿ ನಿವೃತ್ತ ಟೀಚರ್ ಇದ್ದಾರೆ, ಟೈಲರ್ ಇದ್ದಾರೆ, ಆಟೋ ಓಡಿಸುವವರು, ಗಲ್ಫಿನಿಂದ ವಾಪಸ್ ಬಂದವರು, ಬೀಡಿ ಕಟ್ಟುವ ಅಕ್ಕಂದಿರು ಇದ್ದಾರೆ. ಫಾದರ್ ಜೊತೆಗಿರುತ್ತಾರೆ, ಸಲಹೆ ಕೊಡುತ್ತಾರೆ. ಆದರೆ ಸಭೆ ನಡೆಸುವುದು, ಲೆಕ್ಕ ಇಡುವುದು, ಮನೆಗೆ ಹೋಗುವುದು ಎಲ್ಲ ನಮ್ಮಂಥ ಸಾಮಾನ್ಯರೇ. ಒಂದು ಇಗರ್ಜಿಯ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಯಾವ ಮನೆಯಲ್ಲಿ ಕಷ್ಟ ಬಂದಿದೆ ಅಂತ ಮೊದಲು ತಿಳಿಸುವವರು ವಾಡೊದ (ಇಗರ್ಜಿಯ ಒಂದು ವಠಾರದ) ಮುಖಂಡರಾದ ಗುರ್ಕಾರರು, ಆಶಾ ಕಾರ್ಯಕರ್ತೆ, ಇಲ್ಲವೇ ನೆರೆಮನೆಯವರು.

ವಿನ್ಸೆಂಟ್ ಡಿ ಪೌಲ್ ಅವರೇ ಇದನ್ನು ಶುರು ಮಾಡಿದ್ದಾ?

ಅಲ್ಲ. ಅವರು ನಮ್ಮ ಪಾಲಕ ಸಂತ. ಶುರು ಮಾಡಿದವರು ಕಾಲೇಜು ಹುಡುಗರು.

1830ರ ದಶಕದ ಪ್ಯಾರಿಸ್. 1832ರಲ್ಲಿ ಕಾಲರಾ ಬಂದು ಬಡವರ ಕೇರಿಗಳು ಹಾಳಾಗಿದ್ದವು. ಫ್ರೆಡರಿಕ್ ಓಝನಾಮ್ ಎಂಬ ಕಾನೂನು ವಿದ್ಯಾರ್ಥಿ ಒಂದು ಚರ್ಚಾಕೂಟದಲ್ಲಿ ತನ್ನ ಧರ್ಮದ ಪರವಾಗಿ ಮಾತಾಡುತ್ತಿದ್ದ. ಎದುರಿನವರು ಕೇಳಿದರು: ಹಿಂದೆ ನಿಮ್ಮವರು ಒಳ್ಳೇದು ಮಾಡಿರಬಹುದು, ಈಗ ಬಡವರಿಗೆ ನೀವು ಏನು ಮಾಡುತ್ತಿದ್ದೀರಿ? ಆ ಪ್ರಶ್ನೆ ಅವನಿಗೆ ಚುಚ್ಚಿತು. 1833ರ ಏಪ್ರಿಲ್ 23ರಂದು, ಅವನಿಗೆ 20 ತುಂಬಿದ ದಿನವೇ, ಗೆಳೆಯರೊಂದಿಗೆ ಮೊದಲ ಸಭೆ ನಡೆಯಿತು. ಎಮ್ಯಾನ್ಯುಯೆಲ್ ಬಾಯಿ ಎಂಬ ಹಿರಿಯರು ಅಧ್ಯಕ್ಷರಾದರು. ಮನೆ ಭೇಟಿ ಮಾಡುವುದು ಹೇಗೆ ಅಂತ ಈ ಹುಡುಗರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರಾಂದು. ಆಕೆ ಬಡವರ ಕೇರಿಯಲ್ಲೇ ಬದುಕಿದ ಸನ್ಯಾಸಿನಿ. ಈಗ ಈ ಸಭೆ 150ಕ್ಕೂ ಹೆಚ್ಚು ದೇಶಗಳಲ್ಲಿದೆ.

ಓಝನಾಮ್ ಮುಂದೆ ಪ್ರೊಫೆಸರ್ ಆದರು, ಮದುವೆಯಾದರು, ಒಬ್ಬಳು ಮಗಳಿದ್ದಳು. 40ನೇ ವಯಸ್ಸಿನಲ್ಲಿ, 1853ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ನಮಗೆ ಅದು ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ. ಹೊಸ ತೆನೆ ಮನೆಗೆ ತಂದು ಊಟಕ್ಕೆ ಕೂರುವಾಗ ನನಗೆ ಅವರ ನೆನಪಾಗುತ್ತದೆ. 1997ರಲ್ಲಿ ಪೋಪ್ 2ನೇ ಜಾನ್ ಪೌಲ್ ಅವರನ್ನು ಪುನೀತರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಿದರು. ಸಂಸಾರ ಇದ್ದವರು, ಸಂಬಳದ ಕೆಲಸ ಇದ್ದವರು ಇದನ್ನು ಕಟ್ಟಿದರು ಅನ್ನುವುದು ನನಗೆ ದೊಡ್ಡ ಧೈರ್ಯ.

ನೇರವಾಗಿ ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇದರ ಹಿಂದೆ ಮತಾಂತರ ಉಂಟಾ?

ಬೇಜಾರಿಲ್ಲ. ಕೇಳಬೇಕಾದ ಪ್ರಶ್ನೆಯೇ. ಉತ್ತರ, ಇಲ್ಲ.

ನಾವು ಹೋಗುವ ಮನೆಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಜಾತಿ ಧರ್ಮ ನೋಡದೆ ಸಹಾಯ ಮಾಡಬೇಕು ಅನ್ನುವುದು ಸಭೆಯ ನಿಯಮದಲ್ಲೇ ಇದೆ. ಧರ್ಮಕಾರ್ಯವನ್ನು ಜನರನ್ನು ಧರ್ಮಕ್ಕೆ ಸೆಳೆಯುವ ದಾರಿಯಾಗಿ ಬಳಸಬಾರದು, ಪ್ರೀತಿಗೆ ಬೆಲೆ ಕಟ್ಟಬಾರದು ಅಂತ 2005ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಎಲ್ಲ ಕ್ಯಾಥೊಲಿಕರಿಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ನಾವು ಪ್ರಾರ್ಥನೆ ಮಾಡುವುದು ನಮ್ಮ ಸಭೆಯಲ್ಲಿ. ಬೇರೆ ಧರ್ಮದವರ ಮನೆಯಲ್ಲಿ ಪುಸ್ತಕ ಹಂಚುವುದಿಲ್ಲ, ಪದಕ ಕೊಡುವುದಿಲ್ಲ.

ಹಾಗಾದರೆ ಧರ್ಮಕ್ಕೂ ಇದಕ್ಕೂ ಸಂಬಂಧ ಇಲ್ಲವಾ? ಇದೆ. ನಾನು ಹಸಿದಿದ್ದೆ, ನೀವು ಊಟ ಕೊಟ್ಟಿರಿ ಅಂತ ಯೇಸು ಹೇಳುವ ಮಾತು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ. ನಾನು ಮಳೆಯಲ್ಲಿ ಗುಡ್ಡ ಹತ್ತುವುದು ಆ ಮಾತಿಗಾಗಿ. ಅದು ನನ್ನೊಳಗೆ ಇರುವ ಕಾರಣ. ಬಾಗಿಲು ತೆರೆಯುವ ಅಜ್ಜಿಯ ಮೇಲೆ ಅದರ ಯಾವ ಸಾಲವೂ ಇಲ್ಲ.

ಕೇರಳದಲ್ಲಿ ಕಡುಬಡವರೇ ಇಲ್ಲ ಅಂತ ಸರ್ಕಾರ ಹೇಳಿತಲ್ಲ? ಮತ್ತೆ ನಿಮಗೆ ಕೆಲಸ ಎಲ್ಲಿ?

2025ರ ನವೆಂಬರ್ 1ರಂದು ಹಾಗೆ ಘೋಷಣೆ ಆದದ್ದು ನಿಜ. ಅದಕ್ಕೆ ಮೊದಲು ಸರ್ವೆ ಮಾಡಿ 64,006 ಕುಟುಂಬಗಳನ್ನು ಗುರುತಿಸಿದ್ದರು. ಒಂದೊಂದು ಮನೆಗೂ ಬೇರೆ ಬೇರೆ ಯೋಜನೆ ಹಾಕಿ ಊಟ, ಔಷಧಿ, ದಾಖಲೆ, ಮನೆ ಒದಗಿಸಿದರು. ಅದು ಒಳ್ಳೆಯ ಕೆಲಸ.

ಆದರೆ ಬಡತನ ಪಟ್ಟಿಯಲ್ಲಿ ನಿಂತಿರುವುದಿಲ್ಲ. ಸರ್ವೆ ಆದಾಗ ಚೆನ್ನಾಗಿದ್ದ ಮನೆ ನಾಳೆ ಕುಸಿಯುತ್ತದೆ. ನಮ್ಮ ಕಡೆ ಅದಕ್ಕೆ ಒಂದು ಅಡಿಕೆ ಮರ ಸಾಕು. ಮರದಿಂದ ಬಿದ್ದು ಬೆನ್ನು ಮುರಿದರೆ ದುಡಿಯುವವರು ಮಲಗಿದಲ್ಲೇ. ಹೆಂಡತಿ ನೋಡಿಕೊಳ್ಳಲು ಮನೆಯಲ್ಲಿ ಕೂರಬೇಕು. ಎರಡು ಸಂಬಳ ಒಂದೇ ದಿನ ನಿಂತಿತು. ಹೊರಗಿನಿಂದ ನೋಡಿದರೆ ಅದೇ ಹಂಚಿನ ಮನೆ, ಅದೇ ತುಳಸಿಕಟ್ಟೆ. ನಮ್ಮೂರಿನ ಬಡತನ ರಸ್ತೆಯಲ್ಲಿ ಕಾಣುವುದು ಕಡಿಮೆ. ಅದು ಬಾಗಿಲ ಹಿಂದೆ ಇರುತ್ತದೆ. ಅದಕ್ಕೇ ನಾವು ಬಾಗಿಲಿಗೆ ಹೋಗುತ್ತೇವೆ.

### ಮನೆ ಭೇಟಿ

ಇಬ್ಬಿಬ್ಬರು ಯಾಕೆ ಹೋಗೋದು? ಒಬ್ಬರು ಬೈಕಲ್ಲಿ ಹೋಗಿ ಕಿಟ್ ಇಟ್ಟು ಬರಬಹುದಲ್ವಾ?

ಇಟ್ಟು ಬರಲು ಹತ್ತು ನಿಮಿಷ ಸಾಕು. ನಮಗೆ ಬೇಕಾದದ್ದು ಆ ಹತ್ತು ನಿಮಿಷ ಅಲ್ಲ.

ಇಬ್ಬರು ಹೋಗುವುದು ಸಭೆಯ ಹಳೆಯ ಪದ್ಧತಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನೋಡುತ್ತಾರೆ. ಒಲೆಗೆ ಬೆಂಕಿ ಬಿದ್ದಿದೆಯಾ, ಮಾತ್ರೆಯ ಪಟ್ಟಿ ಖಾಲಿಯಾಗಿದೆಯಾ, ಮಗು ಶಾಲೆಗೆ ಹೋಗದೆ ಮನೆಯಲ್ಲಿದೆಯಾ. ಒಂಟಿ ಹೆಂಗಸು ಇರುವ ಮನೆಗೆ ಗಂಡಸು ಒಬ್ಬನೇ ಹೋಗಬಾರದು ಅನ್ನುವುದೂ ಇದೆ. ಊರಿನ ಬಾಯಿ ಅವರ ಮೇಲೆ ಬೀಳುತ್ತದೆ, ನಮ್ಮ ಮೇಲಲ್ಲ. ಮತ್ತೆ ಭಾಷೆ. ನನಗೆ ಕೊಂಕಣಿ, ಕನ್ನಡ, ತುಳು ಬರುತ್ತದೆ, ಮಲಯಾಳ ಅಷ್ಟಕ್ಕಷ್ಟೆ. ನನ್ನ ಜೊತೆಗಾರರು ಮಲಯಾಳದಲ್ಲೂ ಬ್ಯಾರಿಯಲ್ಲೂ ಸಲೀಸು. ಅವರಿಲ್ಲದೆ ಅರ್ಧ ಮನೆಗಳಲ್ಲಿ ನಾನು ಸುಮ್ನೆ ನಗುತ್ತಾ ಕೂರಬೇಕಿತ್ತು.

ಒಂದು ಮನೆಗೆ ನಾವು ನಾಲ್ಕು ತಿಂಗಳು ಅಕ್ಕಿ ತೆಗೆದುಕೊಂಡು ಹೋಗಿದ್ದೆವು. ಅಜ್ಜಿ ಪ್ರತಿ ಸಲ "ಸಾಕು ಬಾಯಮ್ಮ, ಒಳ್ಳೇದಾಗಲಿ" ಅನ್ನುತ್ತಿದ್ದರು. ಐದನೇ ತಿಂಗಳು ಮಳೆ ಜೋರಾಗಿ ಹೊರಡಲು ಆಗಲಿಲ್ಲ. ಒಂದೂವರೆ ಗಂಟೆ ಜಗಲಿಯಲ್ಲೇ ಕೂತೆವು. ಆಗ ಅವರು ಹೇಳಿದರು, ಕಣ್ಣು ಮಂಜಾಗಿ ಎಂಟು ತಿಂಗಳಾಯಿತು, ಅಕ್ಕಿಯಲ್ಲಿ ಕಲ್ಲು ಹೆಕ್ಕಲು ಆಗುವುದಿಲ್ಲ ಅಂತ. ಅವರಿಗೆ ಬೇಕಾಗಿದ್ದದ್ದು ಪೊರೆಯ ಆಪರೇಷನ್. ನಾವು ಕೊಡುತ್ತಿದ್ದದ್ದು ಅಕ್ಕಿ. ಆಪರೇಷನ್ ಆಯಿತು. ಅಕ್ಕಿ ನಮ್ಮನ್ನು ಬಾಗಿಲವರೆಗೆ ತಲುಪಿಸಿತ್ತು, ಕೂತದ್ದರಿಂದ ವಿಷಯ ಗೊತ್ತಾಯಿತು. ಆಮೇಲೆ ನಮ್ಮ ಗುಂಪಿನಲ್ಲಿ ಅರ್ಧ ಗಂಟೆಗಿಂತ ಕಡಿಮೆ ಯಾರೂ ಕೂರುವುದಿಲ್ಲ.

ಚೀಲದಲ್ಲಿ ಏನೇನು ಇರ್ತದೆ?

ಕುಚ್ಚಲಕ್ಕಿ, ಬೇಳೆ, ಹೆಸರುಕಾಳು, ತೆಂಗಿನೆಣ್ಣೆ, ಸಕ್ಕರೆ, ಚಾಪುಡಿ, ಸಾಬೂನು. ಪುಟ್ಟ ಮಕ್ಕಳಿದ್ದರೆ ಹಾಲುಪುಡಿ. ಹಾಸಿಗೆ ಹಿಡಿದವರಿದ್ದರೆ ಡೈಪರ್. ಅದು ದುಬಾರಿ, ಕೇಳಲು ಎಲ್ಲರಿಗೂ ನಾಚಿಕೆ. ಹುಡುಗಿಯರಿದ್ದ ಮನೆಗೆ ಪ್ಯಾಡ್. ಮನೆಯವರನ್ನು ಕೇಳಿಯೇ ಪಟ್ಟಿ ಮಾಡುತ್ತೇವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಎರಡು ಕಿಲೋ ಸಕ್ಕರೆ ಕೊಟ್ಟು ಬಂದರೆ ಏನು ಪ್ರಯೋಜನ?

ಹಬ್ಬಕ್ಕೆ ಎಲ್ಲರೂ ಕಿಟ್ ಕೊಡ್ತಾರೆ. ನೀವೂ ಆಗಲೇ ಕೊಡ್ತೀರಾ?

ಸಂತ ವಿನ್ಸೆಂಟರ ಕಥೆಯೊಂದನ್ನು ಹೇಳುತ್ತೇನೆ. 1617ರಲ್ಲಿ ಅವರು ಫ್ರಾನ್ಸಿನ ಶಾಟಿಯೋಂ ಎಂಬ ಊರಿನಲ್ಲಿ ಪಾದ್ರಿ. ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರಿಲ್ಲ ಅಂತ ಅವರು ಪೂಜೆಯ ಪ್ರವಚನದಲ್ಲಿ ಹೇಳಿದರು. ಮಧ್ಯಾಹ್ನ ಆ ಮನೆಗೆ ಹೊರಟರೆ ದಾರಿ ತುಂಬ ಜನ, ಕೈಯಲ್ಲಿ ಊಟ. ಇವತ್ತು ಬೇಕಾದದ್ದಕ್ಕಿಂತ ಜಾಸ್ತಿ ಬಂತು, ಅರ್ಧ ಹಾಳಾಗುತ್ತದೆ, ನಾಳೆ ಇವರಿಗೆ ಏನೂ ಇರುವುದಿಲ್ಲ ಅಂತ ಅವರಿಗೆ ಹೊಳೆಯಿತು. ಊರಿನ ಹೆಂಗಸರನ್ನು ಸೇರಿಸಿ, ಯಾರು ಯಾವ ದಿನ ಅಡುಗೆ ಮಾಡಿ ಒಯ್ಯಬೇಕು ಅಂತ ಸರದಿ ಹಾಕಿದರು.

ನಾನೂರು ವರ್ಷದ ಹಿಂದಿನ ಆ ತೊಂದರೆ ಈಗಲೂ ಹಾಗೇ ಇದೆ. ಓಣಂ, ರಂಜಾನ್, ಕ್ರಿಸ್ಮಸ್ಸಿಗೆ ಒಂದೇ ಮನೆಗೆ ಮೂರು ಕಿಟ್. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಯಾರೂ ಇಲ್ಲ. ಆಗ ಮಳೆಗೆ ಕೂಲಿ ಇರುವುದಿಲ್ಲ, ಶಾಲೆ ಖರ್ಚು ಆಗಷ್ಟೇ ಮುಗಿದಿರುತ್ತದೆ, ಜ್ವರ ಬಂದಿರುತ್ತದೆ. ನಮ್ಮ ಹಣದ ದೊಡ್ಡ ಪಾಲನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಿಗೆ ಎತ್ತಿಡುತ್ತೇವೆ. ಮಸೀದಿ ಕಮಿಟಿಯವರು, ದೇವಸ್ಥಾನದವರು, ಕ್ಲಬ್ಬಿನವರು ಯಾರಿಗೆ ಕೊಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳುತ್ತೇವೆ. ಈ ಮಾತುಕತೆ ಶುರುವಾದ ಮೇಲೆ ತಪ್ಪಿಹೋಗಿದ್ದ ಎಷ್ಟೋ ಮನೆಗಳು ಸಿಕ್ಕಿದವು.

ದುಡ್ಡು ಎಲ್ಲಿಂದ ಬರ್ತದೆ?

ಮೊದಲನೆಯದಾಗಿ ನಮ್ಮಿಂದಲೇ. ಪ್ರತಿ ಸಭೆಯ ಕೊನೆಗೆ ಒಂದು ಬಟ್ಟೆಯ ಚೀಲ ಸುತ್ತು ಬರುತ್ತದೆ. ಮುಷ್ಟಿ ಕಟ್ಟಿ ಕೈ ಒಳಗೆ ಹಾಕಿ, ಬಿಟ್ಟು, ತೆಗೆಯಬೇಕು. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ವಾರ ಕೈಯಲ್ಲಿ ಏನೂ ಇಲ್ಲದವರೂ ಮುಷ್ಟಿ ಹಾಕಿ ತೆಗೆಯುತ್ತಾರೆ. ಈ ಪದ್ಧತಿ ನನಗೆ ತುಂಬ ಇಷ್ಟ. ಬಡವರಿಗೆ ಕೊಡುವ ಜಾಗದಲ್ಲಿ ಬಡ ಸದಸ್ಯನಿಗೆ ಅವಮಾನ ಆಗಬಾರದು ಅಂತ ಯಾರೋ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆ, ಅಲ್ವಾ?

ಉಳಿದದ್ದು ಇಗರ್ಜಿಯ ಡಬ್ಬಿಯಿಂದ, ಮದುವೆ ಅಥವಾ ವರ್ಷಾಂತಿಕದ ನೆನಪಿಗೆ ಕೊಡುವವರಿಂದ. ಪೋಪ್ ಫ್ರಾನ್ಸಿಸ್ 2017ರಿಂದ ನವೆಂಬರಿನ ಒಂದು ಭಾನುವಾರವನ್ನು ಬಡವರ ದಿನವಾಗಿ ಆಚರಿಸಲು ಹೇಳಿದರು. ಆಗಲೂ ಸ್ವಲ್ಪ ಬರುತ್ತದೆ. ಹಣ ಕೂಡಿಡಬಾರದು ಅನ್ನುವುದು ಸಭೆಯ ನಿಯಮ.

ಫೋಟೋ ಯಾಕೆ ಹಾಕೋದಿಲ್ಲ? ಹಾಕಿದ್ರೆ ಜಾಸ್ತಿ ಜನ ಕೊಡ್ತಾರಲ್ಲ?

ಕೊಡಬಹುದು. ಆದರೆ ಆ ಮನೆಯ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಳೆ. ಅವಳ ಕ್ಲಾಸಿನವರ ಫೋನಿಗೂ ಆ ಫೋಟೋ ಹೋಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಮಾತು ನಮ್ಮ ಸುವಾರ್ತೆಯಲ್ಲೂ ಇದೆ, ನಮ್ಮ ಅಜ್ಜಿಯರ ಬಾಯಲ್ಲೂ ಇತ್ತು. ಲೆಕ್ಕ ಬೇಕಾದವರಿಗೆ ಪುಸ್ತಕ ತೋರಿಸುತ್ತೇವೆ. ಅದರಲ್ಲಿ ಮನೆಗೆ ನಂಬರ್ ಇರುತ್ತದೆ, ಹೆಸರಲ್ಲ.

ಹಳೇ ಬಟ್ಟೆ ಉಂಟು, ತಂದು ಕೊಡಲಾ?

ಒಗೆದು, ಗುಂಡಿ ಹೊಲಿದು, ನಿಮ್ಮ ತಂಗಿಗೆ ಕೊಡುವಂತಿದ್ದರೆ ತನ್ನಿ.

### ದಾಖಲೆ, ಆಸ್ಪತ್ರೆ

ನಮ್ಮದು ಬಿಳಿ ರೇಷನ್ ಕಾರ್ಡು. ಮನೆಯಲ್ಲಿ ಏನೂ ಇಲ್ಲ. ನಿಮ್ಮಿಂದ ಏನಾದ್ರೂ ಆಗ್ತದಾ?

ಆಗುತ್ತದೆ, ಆದರೆ ಸಮಯ ಬೇಕು. ಕೇರಳದಲ್ಲಿ ಹಳದಿ ಕಾರ್ಡು ಅಂತ್ಯೋದಯದವರಿಗೆ (ತೀರಾ ಬಡವರಿಗೆ), ಗುಲಾಬಿ ಆದ್ಯತೆಯವರಿಗೆ. ನೀಲಿ ಮತ್ತು ಬಿಳಿ ಆದ್ಯತೆಗೆ ಸೇರದವರಿಗೆ, ನೀಲಿಗೆ ಸ್ವಲ್ಪ ರಿಯಾಯಿತಿ ಇದೆ. ಮನೆ 1,000 ಚದರ ಅಡಿಗಿಂತ ದೊಡ್ಡದಿದ್ದರೆ, ಜಾಗ 1 ಎಕರೆಗಿಂತ ಜಾಸ್ತಿ ಇದ್ದರೆ, ಸ್ವಂತ ಕಾರಿದ್ದರೆ, ತಿಂಗಳಿಗೆ 25,000 ರೂಪಾಯಿಗಿಂತ ಹೆಚ್ಚು ಆದಾಯ ಇದ್ದರೆ, ಸರ್ಕಾರಿ ಕೆಲಸವಿದ್ದರೆ ಆದ್ಯತೆ ಸಿಗುವುದಿಲ್ಲ. ನಮ್ಮ ಕಡೆ ತೊಂದರೆ ಬರುವುದು ಹಳೆಯ ತರವಾಡು ಮನೆಗಳಲ್ಲಿ. ಅಜ್ಜನ ಕಾಲದ ದೊಡ್ಡ ಮನೆ, ಪಾಲಾಗಿಲ್ಲ, ಸೋರುವ ಮಾಡಿನ ಒಂದು ಮೂಲೆಯಲ್ಲಿ ವಿಧವೆ ಒಬ್ಬಳು. ಕಾಗದದಲ್ಲಿ ಅವಳು ದೊಡ್ಡ ಮನೆಯವಳು. ಇಂಥಲ್ಲಿ ಪಂಚಾಯತ್ ಮೆಂಬರನ್ನು ಕರೆದುಕೊಂಡು ಬಂದು ಕಣ್ಣಾರೆ ತೋರಿಸುತ್ತೇವೆ. ಕಾರ್ಡು ಬದಲಿಸಲು ಅರ್ಜಿ ಕರೆದಾಗ, ಆನ್‌ಲೈನಿನಲ್ಲಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಜೊತೆಗೆ ಹೋಗುತ್ತೇವೆ.

ಇನ್ನೊಂದು ತೊಡಕು ಹೆಸರು. ಐತಪ್ಪ ಅನ್ನುವ ಹೆಸರನ್ನು ಮಲಯಾಳದಲ್ಲಿ ಒಬ್ಬರು ಬರೆದರು, ಅದನ್ನು ನೋಡಿ ಇಂಗ್ಲಿಷಿನಲ್ಲಿ ಇನ್ನೊಬ್ಬರು ಬರೆದರು. ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಮತ್ತೊಂದು. ಪಿಂಚಣಿ ಅಲ್ಲಿಗೇ ನಿಲ್ಲುತ್ತದೆ. ಫಾರಂ ಮಲಯಾಳದಲ್ಲಿ ಇರುವುದರಿಂದ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಏನು ಬರೆದಿದೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತುತ್ತಾರೆ. 1969ರ ಭಾಷಾ ಕಾಯ್ದೆಯೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನಮಗೆ ಕೊಟ್ಟಿತು. ನಾವು ಅರ್ಜಿಯನ್ನು ಕನ್ನಡದಲ್ಲೇ ಬರೆದುಕೊಡುತ್ತೇವೆ, ಒಪ್ಪದಿದ್ದರೆ ಕೂತು ಮಾತಾಡುತ್ತೇವೆ. ಒಮ್ಮೆ ಒಂದು ಕಚೇರಿಯಲ್ಲಿ ಒಬ್ಬ ಅಜ್ಜನನ್ನು ಭಾಷೆಯ ಕಾರಣಕ್ಕೆ ಮೂರು ಸಲ ವಾಪಸ್ ಕಳಿಸಿದ್ದರು. ನಾಲ್ಕನೇ ಸಲ ಜೊತೆಗೆ ಇಬ್ಬರು ಹೋದೆವು. ಆ ದಿನವೇ ಕೆಲಸ ಆಯಿತು. ಸಂತೋಷಕ್ಕಿಂತ ದುಃಖವೇ ಆಯಿತು ನನಗೆ, ಮೂರು ಸಲ ಬಂದಾಗಲೂ ಅವರು ಅದೇ ಮನುಷ್ಯ ಆಗಿದ್ದರಲ್ಲ ಅಂತ.

ದೊಡ್ಡ ಕಾಯಿಲೆಗೆ ಮಂಗಳೂರಿಗೇ ಹೋಗ್ಬೇಕು. ಖರ್ಚು ಕೊಡ್ತೀರಾ?

ಪೂರ್ತಿ ಖರ್ಚು ನಮ್ಮ ಕೈ ಮೀರಿದ್ದು. ಆಟೋ ಬಾಡಿಗೆ, ಜೊತೆಯಲ್ಲಿ ಉಳಿಯುವವರ ಊಟ, ತಿಂಗಳ ಔಷಧಿ ಇಷ್ಟು ಆಗುತ್ತದೆ. ಮನೆಯಲ್ಲಿ ಮಲಗಿರುವವರಿಗೆ ಪಂಚಾಯತಿನ ಪಾಲಿಯೇಟಿವ್ (ನೋವು ಕಡಿಮೆ ಮಾಡಿ ಆರೈಕೆ ಮಾಡುವ) ನರ್ಸ್ ಬರುತ್ತಾರೆ. ಕೇರಳದಲ್ಲಿ ಅದಕ್ಕೆ 2008ರಿಂದಲೇ ನೀತಿ ಇದೆ. ಎಷ್ಟೋ ಮನೆಯವರಿಗೆ ಅವರನ್ನು ಕರೆಯಬಹುದು ಅಂತಲೇ ಗೊತ್ತಿಲ್ಲ. ಎಣ್ಮಕಜೆ ಕಡೆ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅಲ್ಲಿನ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮನೆಗಳಿಗೆ ಹೋದಾಗ ತಾಯಂದಿರು ಹಣಕ್ಕಿಂತ ಮೊದಲು ಕೇಳುವುದು ಬೇರೆ: ಒಂದು ದಿನ ಮಗನ ಹತ್ತಿರ ಕೂರ್ತೀರಾ, ನಾನು ತವರಿಗೆ ಹೋಗಿ ಬರ್ತೇನೆ. ಕೂರುತ್ತೇವೆ.

### ಬೀದಿಯಲ್ಲಿ ಇರುವವರು

ಬಸ್ ಸ್ಟ್ಯಾಂಡಲ್ಲಿ ಒಬ್ಬರು ಮಲಗಿದ್ದಾರೆ. ಫೋನ್ ಮಾಡಿದ್ರೆ ಕರ್ಕೊಂಡು ಹೋಗ್ತೀರಾ?

ನಾವು ಬರುತ್ತೇವೆ. ಆದರೆ ಎತ್ತಿಕೊಂಡು ಹೋಗುವುದಿಲ್ಲ. ಮೊದಲು ಪಕ್ಕದಲ್ಲಿ ಕೂತು ಚಾ ಕೊಟ್ಟು ಮಾತಾಡುತ್ತೇವೆ. ಅವರಿಗೆ ಬರಲು ಇಷ್ಟ ಇಲ್ಲದಿದ್ದರೆ ಒತ್ತಾಯ ಮಾಡುವ ಹಕ್ಕು ನಮಗಿಲ್ಲ. ಗಾಯ ಅಥವಾ ಜ್ವರ ಇದ್ದರೆ ನೀವೇ ತಕ್ಷಣ 108ಕ್ಕೆ ಫೋನ್ ಮಾಡಿ. ಮಗು ಆದರೆ 1098, ವಯಸ್ಸಾದವರಾದರೆ 14567.

ಮಾನಸಿಕ ಕಾಯಿಲೆ ಇದ್ದು ತಮ್ಮನ್ನು ನೋಡಿಕೊಳ್ಳಲು ಆಗದವರಾದರೆ ಕಾನೂನು ಸ್ಪಷ್ಟ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೊಲೀಸರು ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಆದ್ದರಿಂದ ನಾವು ಮೊದಲು ಪೊಲೀಸ್ ಸ್ಟೇಷನ್ನಿಗೆ ಹೇಳುತ್ತೇವೆ. ಅದರಿಂದ ಕಾಣೆಯಾದವರ ದೂರಿನ ಜೊತೆ ಹೋಲಿಸಿ ನೋಡಲೂ ಆಗುತ್ತದೆ. ಉಳಿಯಲು ಜಾಗ ಬೇಕಾದಾಗ ಮಂಜೇಶ್ವರ ಹತ್ತಿರದ ಸ್ನೇಹಾಲಯದಂಥ ಕೇಂದ್ರಗಳನ್ನು ಕೇಳುತ್ತೇವೆ.

ಅವರ ಭಾಷೆಯೇ ಗೊತ್ತಾಗದಿದ್ರೆ?

ಇದು ನಮ್ಮ ಕಡೆ ಜಾಸ್ತಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾದ ಮೇಲೆ ಉತ್ತರದ ರೈಲುಗಳು ನೇರ ಇಲ್ಲಿಗೆ ಬರುತ್ತವೆ. ಎಲ್ಲೋ ಹತ್ತಿದವರು ಕಾಸರಗೋಡಿನಲ್ಲೋ ಮಂಜೇಶ್ವರದಲ್ಲೋ ಇಳಿಯುತ್ತಾರೆ. ಏಳು ಭಾಷೆಯ ಊರು ಅಂತ ನಮಗೆ ಹೆಮ್ಮೆ, ಆದರೆ ಅವರ ಎಂಟನೇ ಭಾಷೆ ನಮಗೆ ಬರುವುದಿಲ್ಲ. ಆಗ ಸಹಾಯಕ್ಕೆ ಬರುವವರು ಕಟ್ಟಡ ಕೆಲಸಕ್ಕೆ ಬಂದ ಅತಿಥಿ ಕಾರ್ಮಿಕರು. ಒಬ್ಬ ಒಡಿಶಾದ ಹುಡುಗ ಕೆಲಸ ಮುಗಿಸಿ, ಸಿಮೆಂಟಿನ ಕೈಯಲ್ಲೇ ಬಂದು, ಮೂರು ವಾರದಿಂದ ಮಾತೇ ಆಡದಿದ್ದ ಹೆಂಗಸಿನ ಹತ್ತಿರ ಕೂತು "ಮಾಉಸಿ" (ಚಿಕ್ಕಮ್ಮ) ಅಂದ. ಆಕೆ ತಲೆ ಎತ್ತಿ ನೋಡಿದಳು. ಊರಿನ ಹೆಸರು ಸಿಕ್ಕಿತು.

ಇಂಥವರನ್ನು ಗುಣಪಡಿಸಿ ಮನೆಗೆ ತಲುಪಿಸುವುದನ್ನೇ ಕೆಲಸ ಮಾಡಿಕೊಂಡವರು ಮಹಾರಾಷ್ಟ್ರದ ಡಾಕ್ಟರ್ ಭರತ್ ವಟವಾನಿ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮನೆಗೆ ಹೋದ ಮೇಲೂ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ಮತ್ತೆ ಹೊರಟುಬಿಡುತ್ತಾರೆ. ಅದಕ್ಕೇ ಕಳಿಸಿದ ಮೇಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತೇವೆ.

### ಕಷ್ಟದ ಪ್ರಶ್ನೆಗಳು

ಗಂಡ ಕುಡೀತಾನೆ. ಅಂಥ ಮನೆಗೂ ಕೊಡ್ತೀರಾ?

ಕೊಡುತ್ತೇವೆ. ಕುಡಿಯುವವನು ಒಬ್ಬ, ಹಸಿಯುವವರು ನಾಲ್ವರು. ಹಣ ಕೈಗೆ ಕೊಡುವುದಿಲ್ಲ. ಅಂಗಡಿಯ ಬಾಕಿ, ಶಾಲೆಯ ಬಸ್ ಫೀಸು ನೇರ ಕಟ್ಟುತ್ತೇವೆ. ಅವನ ಹತ್ತಿರವೂ ಮಾತಾಡುತ್ತೇವೆ. ಮದ್ಯ ಬಿಟ್ಟ ಸದಸ್ಯರೊಬ್ಬರು ನಮ್ಮಲ್ಲಿದ್ದಾರೆ, ಅವರು ಹೋದರೆ ಗಂಡಸರು ಕೇಳುತ್ತಾರೆ.

ಕೊಟ್ಟು ಕೊಟ್ಟು ಜನರನ್ನು ಸೋಮಾರಿ ಮಾಡ್ತೀರಿ ಅಂದ್ರೆ ಏನು ಹೇಳ್ತೀರಿ?

ನಾನು ನೋಡಿದ ಬಡವರಲ್ಲಿ ಸೋಮಾರಿಗಳು ಕಡಿಮೆ. ಬೆಳಗ್ಗೆ ಐದಕ್ಕೆ ಎದ್ದು ಬೀಡಿ ಕಟ್ಟುವವಳನ್ನು ಸೋಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಪ್ರಶ್ನೆಯಲ್ಲಿ ಒಂದು ಸತ್ಯ ಇದೆ. ಬರೀ ಕೊಡುವುದರಿಂದ ಬಡತನ ಹೋಗುವುದಿಲ್ಲ. ಗಾಯಕ್ಕೆ ಎಣ್ಣೆ ಹಚ್ಚುವುದು ದಯೆ, ದಾರಿಯಲ್ಲಿ ಹೊಡೆಯುವವರನ್ನು ತಡೆಯುವುದು ನ್ಯಾಯ ಅನ್ನುವ ಅರ್ಥದಲ್ಲಿ ಓಝನಾಮ್ ಬರೆದಿದ್ದಾರೆ. ಎರಡೂ ಬೇಕು. ಅದಕ್ಕೇ ನಾವು ಹೊಲಿಗೆ ಮೆಷಿನ್ ಕೊಡಿಸುತ್ತೇವೆ, ಕುಟುಂಬಶ್ರೀ ಎಂಬ ಮಹಿಳೆಯರ ಸ್ವಸಹಾಯ ಸಂಘಕ್ಕೆ ಸೇರಿಸುತ್ತೇವೆ, ಪಿಂಚಣಿ ನಿಂತರೆ ಕಚೇರಿಗೆ ಹೋಗುತ್ತೇವೆ. ಒಂಟಿ ಅಜ್ಜಿಗೆ ಮಾತ್ರ ಸಾಯುವವರೆಗೂ ಕೊಡಬೇಕು. ಅದಕ್ಕೆ ಸಂಕೋಚ ಬೇಕಿಲ್ಲ.

ನಿಮ್ಮಿಂದ ತಪ್ಪಾಗಿಲ್ವಾ?

ಆಗಿದೆ. ಒಂದು ಮನೆಗೆ ನಾನು ಹೇಳದೆ ಕೇಳದೆ ಚೀಲ ಹಿಡಿದು ಹೋದೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಚೀಲ ನೋಡಿದ ಕೂಡಲೇ ಆ ತಾಯಿಯ ಮುಖ ಇಳಿಯಿತು. ಏನೋ ಸುಳ್ಳು ಹೇಳಿ ಬಂದೆ. ಆ ಮುಖ ಇನ್ನೂ ಮರೆತಿಲ್ಲ. ಈಗ ಮೊದಲೇ ಫೋನ್ ಮಾಡುತ್ತೇವೆ, ಮಾಮೂಲಿ ಸಂತೆ ಚೀಲದಲ್ಲೇ ಒಯ್ಯುತ್ತೇವೆ. ಸಭೆಯ ಹೆಸರು ಬರೆದ ಚೀಲ ಮಾಡಿಸಿದ್ದೆವು, ಅದನ್ನು ಬಿಟ್ಟೆವು.

ನಾನು ಕ್ಯಾಥೊಲಿಕ್ ಅಲ್ಲ. ಜೊತೆಗೆ ಬರಬಹುದಾ? ಮೊದಲ ಸಲ ಏನು ಮಾಡ್ಬೇಕು?

ಖಂಡಿತ ಬನ್ನಿ. ಈಗಲೇ ನಮ್ಮ ಜೊತೆ ಓಡಾಡುವ ಇಬ್ಬರು ಬೇರೆ ಧರ್ಮದವರು. ಅವರು ಸಭೆಯ ಪ್ರಾರ್ಥನೆ ಮುಗಿದ ಮೇಲೆ ಬಂದು ಸೇರುತ್ತಾರೆ.

ಮೊದಲ ಭೇಟಿಗೆ ಸಾದಾ ಬಟ್ಟೆ ಹಾಕಿ. ಚಪ್ಪಲಿ ಹೊರಗೆ ಬಿಡಿ. ಕೂರಲು ಹೇಳಿದ ಜಾಗದಲ್ಲಿ ಕೂರಿ, ಚಾಪೆಯಾದರೂ ಸರಿ. ನೀರು ಬೆಲ್ಲ ಕೊಟ್ಟರೆ ತೆಗೆದುಕೊಳ್ಳಿ, ಬೇಡ ಅನ್ನಬೇಡಿ. ಹಿರಿಯರನ್ನು ಅಜ್ಜ, ಅಜ್ಜಿ ಅನ್ನಿ. ಮನೆಯೊಳಗೆ ಕಣ್ಣು ಆಡಿಸಬೇಡಿ, ಅದನ್ನು ಹಳಬರು ಮಾಡುತ್ತಾರೆ. ಮಾಡಿಕೊಡುತ್ತೇನೆ ಅಂತ ಮಾತು ಕೊಡಬೇಡಿ, ಸಭೆಯಲ್ಲಿ ಕೇಳಿ ಹೇಳುತ್ತೇನೆ ಅನ್ನಿ. ಮತ್ತೆ ಬರುವ ದಿನ ಹೇಳಿದ್ದರೆ ಆ ದಿನ ತಪ್ಪಿಸಬೇಡಿ.

ನಾವು ಸೇರುವುದು ಭಾನುವಾರ ಎರಡನೇ ಪೂಜೆ ಆದ ಮೇಲೆ, ಇಗರ್ಜಿಯ ಹಿಂದೆ ಮಕ್ಕಳ ದೊತೊರ್ನ್ (ಧರ್ಮಬೋಧನೆಯ) ಕ್ಲಾಸಿನ ಕೋಣೆಯಲ್ಲಿ. ಮಳೆಗಾಲವಾದರೆ ಕೊಡೆ ತನ್ನಿ. ಗುಡ್ಡದ ಮೇಲಿನ ಮನೆಗಳಿಗೆ ಆಟೋ ಹತ್ತುವುದಿಲ್ಲ.